ಬಿಳಿ ಬೋವಾದ ಮೊಮ್ಮಗಳು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಊರೇ ಮೆಚ್ಚಿದ ನನ್ನ ಮೀಸೆ ಬೋಳಿಸಿಕೊಳ್ಳುತ್ತೇನೆ. ಹಾವು ಸಾಕುವ ಜಕ್ಕಪ್ಪನ ಮನೆಯ ಗಾಜಿನ ಪೆಟ್ಟಿಗೆಗಳಲ್ಲಿ ನಡೆದದ್ದು. ಅಲ್ಲಿನ ಹಾವುಗಳು ನನ್ನೊಬ್ಬನೆದುರೇ ಬಾಯಿ ಬಿಡುವುದು.

ಬಿಳಿಯನೆಂಬ ಬಿಳಿ ಬೋವಾ ಹಾವಿಗೂ ಕೆಂಚಿಯೆಂಬ ಕಂದು ಹೆಣ್ಣಿಗೂ ಮರಿಗಳಾದವು. ಎಲ್ಲವೂ ಕಂದು.

"ಇವು ನನ್ನವಲ್ಲ," ಎಂದ ಬಿಳಿಯ.

"ನಿಮ್ಮ ಬಿಳುಪು ಇವುಗಳ ಒಳಗೆ ಅಡಗಿದೆ. ಅಂಥದ್ದೇ ಬಿಳುಪು ಅಡಗಿರುವ ಜೋಡಿ ಸಿಕ್ಕರೆ ಮುಂದೆ ಹೊರಗೆ ಬಂದೀತು. ತಾಳಿ," ಎಂದಳು ಕೆಂಚಿ.

"ಕಣ್ಣಿಗೆ ಕಾಣದ ಬಣ್ಣ ನಂಬಿ ಅಪ್ಪ ಅನ್ನಿಸಿಕೊಳ್ಳಲೇ?"

ಹಿರಿಮಗಳು ಗಾಜಿಗೆ ಮೂತಿ ಒತ್ತಿ "ಅಪ್ಪಾ" ಎಂದಳು. ಅವನು ತಿರುಗಲಿಲ್ಲ.

ಮಗಳು ಬೆಳೆದಳು. ಜಕ್ಕಪ್ಪ ಅವಳಿಗೆ ಬಿಳಿ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಕಂದು ಗಂಡನ್ನು ತಂದು ಜೋಡಿ ಮಾಡಿದ. ಹುಟ್ಟಿದ ಮರಿಗಳಲ್ಲಿ ಒಂದು ಬೆಳ್ಳಗೆ ಹೊಳೆಯಿತು.

ಗಾಜಿಗೆ ಅಪ್ಪಳಿಸಿದ ಬಿಳಿಯ. "ನನ್ನ ಮೊಮ್ಮಗಳು! ನನ್ನದೇ ಬಣ್ಣ!"

"ಅಮ್ಮಾ, ಅವರು ಯಾರು?" ಎಂದಿತು ಮರಿ.

"ಪಕ್ಕದ ಪೆಟ್ಟಿಗೆಯವರು, ಮಗಳೇ," ಎಂದಳು ತಾಯಿ.

ಕಣ್ಣು ಮುಚ್ಚಿಕೊಂಡ ಬಿಳಿಯ.

ಇಷ್ಟೂ ನಿಜ. ಕಣ್ಣು ಮುಚ್ಚಿಕೊಂಡ ಎಂದದ್ದೊಂದೇ ನಾನು ಸೇರಿಸಿದ್ದು. ಹಾವಿಗೆ ರೆಪ್ಪೆ ಇಲ್ಲ. ಅವನು ನೋಡುತ್ತಲೇ ಇರಬೇಕಾಯಿತು.