ಫ್ಯಾನು ಬಿಚ್ಚದ ವ್ಯಾಪಾರಿ

"ತಪ್ಪನ್ನ ಸದ್ದಿಲ್ಲದೆ ಸರಿಮಾಡಿಬಿಟ್ರೆ ಸಾಕಲ್ವಾ ಗುರುಗಳೇ? ಬಾಯ್ಬಿಟ್ಟು ಹೇಳ್ಲೇಬೇಕಾ?" ಅಂತ ಶಿಷ್ಯ ಕೊಟ್ರೇಶಿ ಕೇಳಿದ.

"ಏನು ಮಾಡ್ಕೊಂಡೆ?"

"ನಾನಲ್ಲ. ಸುಮ್ನೆ ಕೇಳ್ದೆ."

"ಸುಮ್ನೆ ಕೇಳೋನು ಹೆಬ್ಬೆರಳಲ್ಲಿ ನೆಲ ಕೆರೆಯಲ್ಲ. ಕೂತ್ಕೋ."

ಮಠದ ಹಿಂದಿನ ಬಯಲಲ್ಲಿ ಭಾನುವಾರ ಕೆಲವರು ಬ್ಯಾಟರಿ ವಿಮಾನ ಹಾರಿಸ್ತಿದ್ರು. ಪೂಜೆ ಬೇಗ ಮುಗಿಸಿ ಅದನ್ನ ನೋಡೋಕೆ ಓಡೋದು ಗುರುಗಳ ಚಟ. ಹಾಗಾಗಿ ಅವರ ಕತೇಲಿ ರೈತ, ಎತ್ತು ಬರೋದು ಯಾವತ್ತೋ ನಿಂತುಹೋಗಿತ್ತು. ಅವರು ಶುರುಮಾಡಿದ್ರು.

ಒಬ್ಬ ಬಟ್ಟೆ ವ್ಯಾಪಾರಿ. ಊರಲ್ಲಿ ಬ್ಯಾಟರಿ ವಿಮಾನದ ವಿದ್ಯೆ ಮೊದಲು ಕಲಿತವನು ಅವನೇ. ಯಾರು ಹೊಸ ವಿಮಾನ ತಂದ್ರೂ ಅವನ ಕೈಯಲ್ಲೇ ಸಜ್ಜು ಮಾಡಿಸ್ಕೊಳ್ತಿದ್ರು. ಅವನು ಮುಟ್ಟಿದ್ದು ಅಂದ್ರೆ ಮುಗೀತು, ಆಮೇಲೆ ಒಂದು ಸ್ಕ್ರೂ ತಿರುಗಿಸೋಕೂ ಯಾರಿಗೂ ಧೈರ್ಯ ಇರಲಿಲ್ಲ.

ಈ ವಿಮಾನಕ್ಕೆ ಒಂದು ಗುಣ ಇದೆ. ರಿಮೋಟಿಗೆ ಜೋಡಿ ಮಾಡುವಾಗ, ರಿಮೋಟಿನ ಮೇಲೆ ಮೋಟಾರಿನ ವೇಗ ಏರಿಸಿ ಇಳಿಸೋ ಕಡ್ಡಿ ಎಲ್ಲಿರತ್ತೋ ಅದನ್ನ ನೆನಪಿಟ್ಕೊಳ್ಳತ್ತೆ. ಮುಂದೆ ಯಾವಾಗಾದ್ರೂ ರಿಮೋಟಿನ ಮಾತು ಕೇಳಿಸದೆ ಹೋದ್ರೆ ಅದನ್ನೇ ಮಾಡತ್ತೆ. ಕಡ್ಡಿ ಕೆಳಗಿದ್ದಿದ್ರೆ ಮೋಟಾರು ನಿಲ್ಲತ್ತೆ, ಮೇಲಿದ್ದಿದ್ರೆ ಪೂರ್ತಿ ಓಡತ್ತೆ. ಅದಕ್ಕೇ ಜೋಡಿ ಮಾಡಿದ ಮೇಲೆ ಮೂತಿಯ ಫ್ಯಾನು ಬಿಚ್ಚಿಟ್ಟು, ವಿಮಾನಕ್ಕೆ ಬ್ಯಾಟರಿ ಸಿಕ್ಕಿಸಿ, ಒಂದು ಸಲ ರಿಮೋಟು ಆರಿಸಿ ನೋಡಬೇಕು. ಫ್ಯಾನಿಲ್ಲದ ಮೋಟಾರು ತಿರುಗಿದ್ರೆ ಯಾರ ಕೈಯೂ ಹೋಗಲ್ಲ, ತಪ್ಪು ಮಾತ್ರ ಗೊತ್ತಾಗತ್ತೆ.

ವ್ಯಾಪಾರಿಗೆ ಇದು ಗೊತ್ತಿತ್ತು. ಆದ್ರೆ ನಾಲ್ಕು ಜನ ಸುತ್ತ ನಿಂತು ನೋಡ್ತಿರುವಾಗ ಫ್ಯಾನು ಬಿಚ್ಚೋದು ನಿನ್ನೆ ಕಲಿತವರ ಕೆಲಸ ಅಂತ ಅವನ ಭಾವನೆ. ಪೂರ್ತಿ ವೇಗ ಎಷ್ಟು ಅಂತ ಮೋಟಾರಿಗೆ ಕಲಿಸೋಕೆ ಕಡ್ಡಿ ಮೇಲಿಡ್ತಿದ್ದ, ಅದನ್ನ ಇಳಿಸದೆ ಅದೇ ಉಸಿರಲ್ಲಿ ಜೋಡೀನೂ ಮುಗಿಸಿಬಿಡ್ತಿದ್ದ. ನೋಡ್ತಿದ್ದವರು ಏನು ಕೈ ಚುರುಕು ಅಂತಿದ್ರು. ಹಾರಿಸಿ ಮುಗಿಸಿದವರು ಮೊದಲು ವಿಮಾನದ ಬ್ಯಾಟರಿ ಕಿತ್ತು ಆಮೇಲೆ ರಿಮೋಟು ಆರಿಸ್ತಿದ್ರು, ಹಾಗಾಗಿ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಒಬ್ಬ ಬೇಕರಿಯವನು ಆಸೆಪಟ್ಟು ವಿಮಾನ ತಂದ. ವ್ಯಾಪಾರಿ ಸಜ್ಜು ಮಾಡಿಕೊಟ್ಟ. ಭಾನುವಾರ ಬೇಕರಿಯವನು ಹೆಂಡತಿನೂ ಕರ್ಕೊಂಡು ಬಯಲಿಗೆ ಬಂದ. ರಿಮೋಟು ಹಚ್ಚಿ, ಬ್ಯಾಟರಿ ಸಿಕ್ಕಿಸಿ, ರೆಕ್ಕೆ ಬಾಲ ಆಡಿಸಿ ನೋಡಿದ. ಎಲ್ಲ ಸರಿಯಿತ್ತು. ಅಷ್ಟರಲ್ಲಿ ಚಾ ಬಂತು.

"ರಿಮೋಟು ಆರಿಸಿಡು ಮಾರಾಯ, ವಿಮಾನ ಎಲ್ಲೂ ಓಡಿಹೋಗಲ್ಲ" ಅಂದ ವ್ಯಾಪಾರಿ.

ಬೇಕರಿಯವನು ಆರಿಸಿದ. ವಿಮಾನ ಓಡ್ತು. ಕೂಗೋಕೂ ಪುರಸೊತ್ತಿಲ್ಲ, ಜಮಖಾನದ ಮೇಲೆ ಕೂತಿದ್ದ ಹೆಂಗಸರ ಕಡೆಗೇ ನುಗ್ತು. ಬೇಕರಿಯವನು ಅಡ್ಡ ಬಿದ್ದು ಹಿಡ್ಕೊಂಡ. ಬ್ಯಾಟರಿ ಕೀಳೋ ಹೊತ್ತಿಗೆ ಫ್ಯಾನು ಅವನ ಬಲಗೈ ಬೆರಳುಗಳನ್ನ ಸೀಳಿತ್ತು.

ಜನ ಸೇರಿದ್ರು. ಏನಾಯ್ತು, ಏನಾಯ್ತು ಅಂತ ಎಲ್ಲರೂ ವ್ಯಾಪಾರಿ ಮುಖ ನೋಡಿದ್ರು. ಅವನಿಗಿಂತ ಮೊದಲು ಬೇಕರಿಯವನೇ ಬಾಯಿಬಿಟ್ಟ.

"ನಾನೇ ಏನೋ ಒತ್ತಿಬಿಟ್ಟೆ ಅನ್ಸತ್ತೆ. ಮೈದಾ ನಾದೋ ಕೈ ಸ್ವಾಮಿ, ಇದಕ್ಕೆಲ್ಲ ಎಲ್ಲಿ ಒಗ್ಗತ್ತೆ."

"ಬನ್ನು ಸುಟ್ಕೊಂಡು ಇರಿ ಅಂದ್ರೆ ಕೇಳಲಿಲ್ಲ" ಅಂತ ಹೆಂಡತಿ ಬೈತಾ ಬೈತಾ ಸೆರಗು ಹರಿದು ಕೈಗೆ ಸುತ್ತಿದಳು.

"ಹೊಸಬರಲ್ವಾ, ಆಗತ್ತೆ" ಅಂದ ವ್ಯಾಪಾರಿ. ಆ ಮಾತು ತನ್ನ ಬಾಯಿಂದ ಹೆಂಗೆ ಬಂತು ಅಂತ ಅವನಿಗೇ ತಿಳೀಲಿಲ್ಲ.

ಮಾರನೇ ದಿನ ಅಂಗಡಿ ಶಟರು ಅರ್ಧ ಎಳೆದು, ಬಯಲಿಂದ ತಾನೇ ಎತ್ಕೊಂಡು ಬಂದಿದ್ದ ಅದೇ ವಿಮಾನದ ಫ್ಯಾನು ಬಿಚ್ಚಿದ. ಕಡ್ಡಿ ಕೆಳಗಿಟ್ಟು ಬ್ಯಾಟರಿ ಸಿಕ್ಕಿಸಿದ. ರಿಮೋಟು ಆರಿಸಿದ. ಮೋಟಾರು ಬೊರ್ರಂತ ತಿರುಗ್ತು. ಅವನ ಕಿವಿ ಕೆಂಡ ಆಯ್ತು. ಆಮೇಲೆ ಇನ್ನೊಂದು ಹೊಳೀತು. ಊರಿನ ಅಷ್ಟೂ ವಿಮಾನ ಸಜ್ಜು ಮಾಡಿದ್ದು ಇದೇ ಕೈ.

ಹೇಳಿಬಿಡ್ತೀನಿ ಅಂದ್ಕೊಂಡ. ಸೀರೆ ಮಡಚ್ತಾ ಮಡಚ್ತಾ ಮಾತು ಜೋಡಿಸ್ಕೊಂಡ. ಭಾನುವಾರ ಬಯಲಿಗೆ ಕಾಲಿಟ್ಟ ತಕ್ಷಣ ಎಲ್ಲರೂ ಎದ್ದು ನಿಂತ್ರು. ಜೋಡಿಸ್ಕೊಂಡಿದ್ದ ಮಾತು ಬಿಟ್ಟು ಬೇರೇನೇ ಹೇಳಿದ.

"ಇವತ್ತು ಯಾರೂ ಹಾರಿಸೋ ಹಾಗಿಲ್ಲ. ಎಲ್ಲರೂ ಫ್ಯಾನು ಬಿಚ್ಚಿ. ಒಬ್ಬೊಬ್ಬರಾಗಿ ಬ್ಯಾಟರಿ ಸಿಕ್ಕಿಸಿ, ರಿಮೋಟು ಆರಿಸಿ ತೋರಿಸಿ" ಅಂದ. ಅಷ್ಟೇ ಅಂದ.

ಮೊದಲನೇದು ತಿರುಗ್ತು. ಎರಡನೇದೂ ತಿರುಗ್ತು. ಒಂದೂ ಬಿಡದೆ ಎಲ್ಲವೂ ತಿರುಗಿದ್ವು. ಒಬ್ಬೊಬ್ಬರದೇ ತಲೆ ಬಗ್ಗತೊಡಗ್ತು. "ನೀವು ಸರಿಯಾಗೇ ಮಾಡಿಕೊಟ್ಟಿದ್ರಿ, ನಾವೇ ಎಲ್ಲೋ ಕೆಡಿಸಿದ್ದೀವಿ" ಅಂತ ಒಬ್ಬ ಅಂದ. ಉಳಿದವರು ಹೌದು ಅಂದ್ರು. ವ್ಯಾಪಾರಿ ಒಂದೊಂದನ್ನೇ ಎತ್ಕೊಂಡು, ಕಡ್ಡಿ ಕೆಳಗಿಟ್ಟು ಮತ್ತೆ ಜೋಡಿ ಮಾಡಿ, ಆರಿಸಿ ನೋಡಿ, ಮೋಟಾರು ನಿಂತ ಮೇಲೇ ವಾಪಸ್ ಕೊಟ್ಟ. ಯಾರ ಮುಖಾನೂ ನೋಡಲಿಲ್ಲ. ಜನ ಕೈ ಮುಗಿದ್ರು. ಇಷ್ಟೊಂದು ಜೀವ ಉಳಿಸಿದ್ರಿ ಅಂದ್ರು. ಒಂದೊಂದು ಹೊಗಳಿಕೆಗೂ ಅವನು ಅಂಗಿಯೊಳಗೆ ಒಂದಿಷ್ಟು ಕುಗ್ಗಿದ.

ಕೊನೇಲಿ ಬೇಕರಿಯವನು ಬಂದ. ಕೈ ತುಂಬ ಪಟ್ಟಿ.

"ಆ ವಿಮಾನ ನಿಮ್ಮ ಹತ್ರಾನೇ ಇರಲಿ ಸ್ವಾಮಿ. ಬೇರೆ ಯಾರಿಗಾದ್ರೂ ಕೊಡಿ. ನನ್ನ ಕೈ ಸರಿಯಿಲ್ಲ."

ಈಗಲಾದ್ರೂ ಹೇಳಬೇಕು ಅಂತ ವ್ಯಾಪಾರಿ ಬಾಯಿ ತೆರೆದ. ಹಿಂದೆ ಅಷ್ಟೂ ಜನ ನಿಂತಿದ್ರು. "ಮೊದಲು ಗಾಯ ಮಾಗಲಿ, ಆಮೇಲೆ ನೋಡೋಣ" ಅಂದ.

ಗುರುಗಳು ಕತೆ ಅಲ್ಲಿಗೇ ನಿಲ್ಲಿಸಿದ್ರು. ಕೊಟ್ರೇಶಿ ಮುಖ ಅರಳ್ತು.

"ಹಂಗಾದ್ರೆ ನಾನಂದಿದ್ದೇ ಸರಿ ಆಯ್ತಲ್ಲ ಗುರುಗಳೇ. ವಿಮಾನಗಳೆಲ್ಲ ಸರಿಹೋದ್ವು, ಆಮೇಲೆ ಯಾರಿಗೂ ಪೆಟ್ಟಾಗಲಿಲ್ಲ. ಬಾಯ್ಬಿಟ್ಟು ಹೇಳಿದ್ರೆ ಹೆಚ್ಚಿಗೆ ಏನು ಸರಿಹೋಗ್ತಿತ್ತು?"

"ಬೇಕರಿಯವನ ಗಾಯ ಮಾಗಿ ಯಾವ ಕಾಲ ಆಯ್ತು ಕಣಪ್ಪ, ನನ್ನ ಕೈ ಸರಿಯಿಲ್ಲ ಅಂತ ಒಲೆ ಹಚ್ಚೋಕೆ ಈಗಲೂ ಹೆಂಡತಿನೇ ಕರೀತಾನೆ."