ನಲವತ್ತು ಭಾಗ ಓದಿದ ಹಲ್ಲಿ

ವಾಚನಾಲಯದ ಗೋಡೆಯ ಹಲ್ಲಿಯೊಂದು ಗ್ರಂಥಪಾಲಕಿ ಸುಗುಣಾಬಾಯಿಯವರ ಹೆಗಲ ಮೇಲಿಂದ ಇಣುಕಿ ಇಣುಕಿಯೇ ಗೂಢಚಾರನೊಬ್ಬನ ಕಾದಂಬರಿಮಾಲೆಯ ನಲವತ್ತು ಭಾಗಗಳನ್ನೂ ಓದಿ ಮುಗಿಸಿತ್ತು. ನಲವತ್ತೊಂದನೆಯದು ಬಂದಾಗ, ಅರ್ಧ ಪುಸ್ತಕಕ್ಕೇ ಅದು ಪಕ್ಕದ ಜೇಡಕ್ಕೆ ಬೀಗುತ್ತ ಹೇಳಿತು: "ದ್ರೋಹಿ ಯಾರೆಂದು ನನಗೆ ಗೊತ್ತಾಗಿದೆ. ಆದರೆ ಬಾಯಿ ಬಿಡಲಾರೆ. ಗೂಢಚಾರರ ಸಹವಾಸದಲ್ಲಿ ಬೆಳೆದ ಹಲ್ಲಿ ನಾನು."

ಅಷ್ಟರಲ್ಲಿ ಸುಗುಣಾಬಾಯಿ ಪುಟದಿಂದ ತಲೆಯೆತ್ತಿ, "ಈ ಅಡುಗೆಯವನೇ ದ್ರೋಹಿ ಇರಬೇಕು," ಎಂದು ಗೊಣಗಿಕೊಂಡರು.

ತನ್ನ ಊಹೆಯೂ ಅದೇ ಆಗಿದ್ದರಿಂದ ಹಲ್ಲಿಗೆ ಹೆಮ್ಮೆ ತಡೆಯಲಾಗಲಿಲ್ಲ. ಲೊಚಗುಟ್ಟಿತು.

"ಹಲ್ಲಿಯೇ ಲೊಚಗುಟ್ಟಿತಲ್ಲ, ಅಂದ ಮೇಲೆ ನಿಜವೇ. ಇನ್ನು ಓದುವುದೇನಿದೆ?" ಎಂದು ಅವರು ಪುಸ್ತಕ ಮುಚ್ಚಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಜೇಡ ವಿನಯದಿಂದ ಕೇಳಿತು: "ಹಾಗಾದರೆ ದ್ರೋಹಿ ಅಡುಗೆಯವನೇ ತಾನೆ?"

ಹಲ್ಲಿ ಲೊಚಗುಟ್ಟಲಿಲ್ಲ.