ಮೊದಲ ಸಹಿ ನಂದು

ಘಟಪ್ರಭೆಯ ಕಾಲುವೆ ದಂಡೆಯಲ್ಲಿ, ಹೊಲಗಳಿಗೆ ನೀರು ಬಿಡುವ ನೀರಗಂಟಿಗಳು ಬಿಟ್ಟುಹೋದ ಹಾಳು ಕೋಣೆಯೇ ಪೂಜ್ಯ ಶಿವಲಾಂಬಾ ತಾಯಿಯವರ ಆಶ್ರಮ. ಒಂದು ಕಂಬಳಿ, ಒಂದು ತಂಬಿಗೆ ಬಿಟ್ಟರೆ ಅವರಿಗೆ ಬೇರೆ ಆಸ್ತಿ ಇರಲಿಲ್ಲ. ಬಂದವರಿಗೆ ರೊಟ್ಟಿ ಬಡಿದು ಉಣ್ಣಿಸುವುದೇ ಅವರ ಪೂಜೆ.

ಒಂದು ಮುಂಜಾನೆ ಅಲ್ಲಿಗೆ ಬಾಳವ್ವ ಬಂದಳು. ಅವಳ ಗಂಡ ಲಗಮಪ್ಪನನ್ನು ಪಕ್ಕದ ಹೊಲದ ಉದ್ದಪ್ಪ ಕಾಲುವೆ ನೀರಿನ ಜಗಳದಲ್ಲಿ ಕೊಡಲಿಯಿಂದ ಕಡಿದು ಕೊಂದು ಹತ್ತೊಂಬತ್ತು ವರ್ಷವಾಗಿತ್ತು. ಜೀವಾವಧಿ ಶಿಕ್ಷೆಯಾಗಿದ್ದ ಅವನನ್ನು ಬಿಡುವ ಮಾತು ಈಗ ನಡೆದಿತ್ತು. ಅಧಿಕಾರಿಗಳು ಊರಿನವರ ಅಭಿಪ್ರಾಯ ಕೇಳಿದ್ದರು. ಅವನು ಜೈಲಿನಲ್ಲೇ ಸಾಯಬೇಕೆಂದು ಬಾಳವ್ವನ ಮೈದುನ ಭೀಮಶಿ ಅರ್ಜಿ ಬರೆಸಿದ್ದ. ತಾಯಿಯವರ ಸಹಿ ಬಿದ್ದರೆ ಅದಕ್ಕೆ ತೂಕ ಬರುತ್ತದೆಂದು ಬಾಳವ್ವ ಅದನ್ನು ಹಿಡಿದು ಬಂದಿದ್ದಳು.

ತಾಯಿಯವರು ಅರ್ಜಿ ಓದಿ, ಮಡಚಿ, ಅವಳ ಕೈಗೇ ಕೊಟ್ಟರು.

"ಕ್ಷಮಾ ಮಾಡು ಅಂತ ಹೇಳತೀರೇನು?" ಬಾಳವ್ವನ ದನಿ ಗಡುಸಾಯಿತು. "ಹೇಳಬ್ಯಾಡ್ರಿ. ನಿಮಗ ಗಂಡ ಇದ್ದಿಲ್ಲ, ಅಂವನ ಹೆಣಾ ತೊಳದಿಲ್ಲ. ನಿಮಗೇನ ಗೊತ್ತು."

ತಾಯಿಯವರು ಬೇಸರಿಸಲಿಲ್ಲ. "ಕ್ಷಮಾ ನಾ ಕೇಳಲಿಲ್ಲ ತಂಗಿ. ಯಾರು ಜೈಲಿನ್ಯಾಗ ಸಾಯಬೇಕು ಅಂತೀಯೋ, ಅವನ ಮುಖ ಒಮ್ಮೆ ನೋಡು. ಆಮ್ಯಾಲೂ ಹಂಗ ಅನಿಸಿದ್ರ ಮೊದಲ ಸಹಿ ನಂದು."

ನೋಡಿದರೆ ತಾನು ಕರಗುತ್ತೇನೆಂದು ಇವರು ತಿಳಿದಿದ್ದಾರೆ, ಕರಗದೆ ತೋರಿಸುತ್ತೇನೆ ಎಂಬ ಹಟಕ್ಕೇ ಬಾಳವ್ವ ಹೊರಟಳು. ತಾಯಿಯವರೂ ಜೊತೆಗೆ ಬಸ್ಸು ಹತ್ತಿದರು.

ಜೈಲಿನ ಜಾಲರಿಯ ಆಚೆ ನಡು ಬಗ್ಗಿದ, ಹಲ್ಲಿಲ್ಲದ ಮುದುಕನೊಬ್ಬ ಬಂದು ನಿಂತ. ಮೀಸೆ ತಿರುವುತ್ತಿದ್ದ ಉದ್ದಪ್ಪನನ್ನು ಅವಳು ಅವನಲ್ಲಿ ಹುಡುಕಿದಳು. ಇಷ್ಟು ವರ್ಷ ಕೂಡಿಟ್ಟ ಬೈಗುಳ ನಾಲಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಅವನೇ ಬಾಯಿಬಿಟ್ಟ.

"ವೈನಿ, ಅವತ್ತ ನೀರಿನ ಪಾಳಿ ಲಗಮಪ್ಪಣ್ಣಂದ ಇತ್ತು. ಕಳವು ಮಾಡಿದಾಂವ ನಾನು. ಕೋರ್ಟಿನ್ಯಾಗ ಸುಳ್ಳ ಹೇಳಿದೆ."

ಬಾಳವ್ವ ಜಾಲರಿ ಹಿಡಿದುಕೊಂಡಳು. ಸತ್ತವನೇ ನೀರುಗಳ್ಳನೆಂದು ಊರು ಹತ್ತೊಂಬತ್ತು ವರ್ಷ ಆಡಿಕೊಂಡಿತ್ತು.

"ಇಷ್ಟ ದಿನ ಯಾಕ ಹೇಳಲಿಲ್ಲ?"

"ಕೇಳಾಕ ಯಾರೂ ಬರಲಿಲ್ಲ. ನಾ ಇಲ್ಲೇ ಸಾಯತೀನಿ ವೈನಿ. ಅದರಾಗ ತಪ್ಪಿಲ್ಲ."

"ಅಷ್ಟ ಸಸಾರ ಸಾಯಾಕ ಬಿಡಂಗಿಲ್ಲ ನಿನ್ನ," ಎಂದಳು ಬಾಳವ್ವ.

ಹೊರಗೆ ಬಂದು ಇಬ್ಬರೂ ಊರಿನ ಬಸ್ಸು ಹತ್ತಿದರು.

ವಾರದ ಮೇಲೆ ಅಧಿಕಾರಿ ಊರ ಚಾವಡಿಗೆ ಬಂದರು. ಭೀಮಶಿ ಅರ್ಜಿ ಮುಂದೆ ಚಾಚಿದ. ಬಾಳವ್ವ ಎದ್ದು ನಿಂತಳು.

"ಇದರಾಗ ನನ್ನ ಹೆಸರ ಹೊಡದ ಹಾಕ್ರಿ ಸಾಹೇಬ್ರ. ನಾ ಅವನ್ನ ಕ್ಷಮಿಸಿಲ್ಲ, ಕ್ಷಮಿಸೂದೂ ಇಲ್ಲ. ಆದರ ಅಂವ ಅಲ್ಲೇ ಸತ್ತರ ನನ್ನ ಗಂಡ ಕಳ್ಳ ಆಗೇ ಉಳೀತಾನ. ಅಂವ ಬರಲಿ. ಇಲ್ಲಿ ನಿಂತು ಖರೆ ಹೇಳಲಿ. ನಮ್ಮ ಮುಖ ನೋಡಕೋಂತ ಬಾಳಲಿ."

"ವೈನಿ, ಊರ ಮಾತ ಮೀರತೀಯೇನು?" ಭೀಮಶಿ ಗದರಿದ.

"ಗಂಡನ್ನ ಕಳಕೊಂಡಾಕಿ ನಾ. ಊರಲ್ಲ."

ಮುಂದೆ ಉದ್ದಪ್ಪನ ಬಿಡುಗಡೆಯಾಯಿತು. ಅವನು ಚಾವಡಿ ಮುಂದೆ ನಿಂತು ನಡೆದದ್ದನ್ನು ನಡೆದಂತೆ ಹೇಳಿದ. ಕೆಲವರು ಉಗುಳಿದರು, ಯಾರೂ ಜಾಗ ಕೊಡಲಿಲ್ಲ. ತಾಯಿಯವರು ಅವನನ್ನು ತಮ್ಮ ಕೋಣೆಯಲ್ಲೇ ಇರಿಸಿಕೊಂಡರು. ಬಾಳವ್ವ ಅವನೊಡನೆ ಮತ್ತೆಂದೂ ಮಾತಾಡಲಿಲ್ಲ. ಆದರೆ ಭೀಮಶಿ ಜನ ಕಟ್ಟಿಕೊಂಡು ಅವನನ್ನು ಓಡಿಸಲು ಬಡಿಗೆ ಹಿಡಿದು ಬಂದ ದಿನ, ಆ ಕೋಣೆಯ ಬಾಗಿಲಿಗೆ ಅಡ್ಡ ಕುಳಿತವಳು ಅವಳೇ.

"ನನ್ನ ದಾಟಿ ಒಳಗ ಹೋಗ್ರಿ," ಎಂದಳು.

ತಾಯಿಯವರು ಬಂದು ಅವಳ ಪಕ್ಕದಲ್ಲಿ ಕುಳಿತರು. ಒಬ್ಬರೂ ದಾಟಲಿಲ್ಲ.